ಕಂಡವನು ಹೇಳಬೇಕು

ನಾನು ಎಲೆಬಳ್ಳಿ, ನಾಲ್ಕು ತೆಂಗು ಇಟ್ಟುಕೊಂಡು ಬದುಕುವ ರೈತ. ಹಬ್ಬ, ಜಾತ್ರೆ ಬಂದರೆ ಪದ ಹೇಳ್ತೀನಿ. ಓದಿದ್ದು ಏಳನೇ ಕ್ಲಾಸು, ಅದೂ ತಮಿಳಲ್ಲಿ. ಕನ್ನಡ ನಮ್ಮ ಮನೆಮಾತು. ಅದರ ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ, ಈ ವಾಚನಾಲಯದ ಬೆಂಚಿನ ಮೇಲೆ ಕೂತು. ಬರವಣಿಗೇಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಈ ಸಲದ ಪುಸ್ತಕಕ್ಕೆ ಚರಿತ್ರೆ ಬರೀಬೇಕು ಅಂತ ಮೇಷ್ಟ್ರು ಹೇಳಿದರು. ಒಬ್ಬರು ಕೆರೆ ಬಗ್ಗೆ ಬರೀತೀನಿ ಅಂದರು, ಇನ್ನೊಬ್ಬರು ದೇವಸ್ಥಾನದ ಬಗ್ಗೆ. ನಾನು "ಹಡಗಿನ ಎಣ್ಣೆ ಕಡಲಿಗೆ ಬಿದ್ದರೆ ಯಾರಿಗೆ ಹೇಳಬೇಕು ಅನ್ನೋದರ ಚರಿತ್ರೆ" ಅಂದೆ. ಎಲ್ಲರೂ ನಕ್ಕರು. ಬತ್ತಲಗುಂಡಿಗೂ ಕಡಲಿಗೂ ಏನು ಸಂಬಂಧ, ಇಲ್ಲಿ ಮಂಜಳಾರಿನಲ್ಲೇ ವರ್ಷವೆಲ್ಲ ನೀರಿಲ್ಲ ಅಂದರು. ನಗಲಿ. ನನಗೆ ಕಾರಣ ಐತೆ.

ನಮ್ಮಕ್ಕನ ಮಗ ಲಾರಿ ಓಡಿಸ್ತಾನೆ. ಬಂದರುಗಳಿಗೆ ಲೋಡು ಹೊಡೀತಾನೆ. ಒಂದು ಬಂದರಿನಲ್ಲಿ, ಹೆಸರು ಬೇಡ, ರಾತ್ರಿ ಲೋಡಿಳಿಸೋಕೆ ಕಾದಿದ್ದನಂತೆ. ಹಡಗಿನ ಪಕ್ಕದ ನೀರಿನ ಮೇಲೆ ದೀಪದ ಬೆಳಕಿಗೆ ಕಾಮನಬಿಲ್ಲಿನ ಬಣ್ಣ ಹರಡ್ತಾ ಇತ್ತು. ಡೀಸೆಲ್ ವಾಸನೆ ಬೇರೆ. ಇವನು ಇಳಿದು ಗೇಟಿನವನಿಗೆ ಹೇಳಿದ. ಗೇಟಿನವನು "ಅದು ನಮ್ಮ ಕೆಲಸ ಅಲ್ಲ, ನೀನು ಮೊದಲು ಲಾರಿ ಎತ್ತು" ಅಂದ. ಲಾರಿ ಎತ್ತಿಕೊಂಡು ಬಂದುಬಿಟ್ಟ. ಊರಿಗೆ ಬಂದು ಜಗಲಿ ಮೇಲೆ ಕೂತು ಕಾಫಿ ಕುಡೀತಾ ನನ್ನ ಕೇಳಿದ: "ಮಾಮ, ಅವತ್ತು ನಾನು ಯಾರಿಗೆ ಹೇಳಬೇಕಾಗಿತ್ತು?"

ನನಗೆ ಗೊತ್ತಿರಲಿಲ್ಲ. ಮೇಷ್ಟ್ರ ಹತ್ತಿರ ಹೋದೆ. ಅವರು ಹಳೇ ಪತ್ರಿಕೆ, ಇಂಗ್ಲಿಷ್ ಪುಸ್ತಕ ತೆಗೆದು ಓದಿ ಓದಿ ಹೇಳಿದರು. ನಾನು ನೋಟಿನಲ್ಲಿ ಗೀಚಿಕೊಂಡೆ. ಅದನ್ನೇ ಇಲ್ಲಿ ಕೂಡಿಸಿ ಬರೀತಾ ಇದೀನಿ.

ನಮ್ಮೂರಿಗೂ ಹಡಗಿಗೂ ಸಂಬಂಧ ಇಲ್ಲ ಅಂದರಲ್ಲ, ಮೊದಲು ಆ ಮಾತು ತೀರಿಸ್ತೀನಿ. ಸುಬ್ರಮಣ್ಯ ಶಿವ ಹುಟ್ಟಿದ್ದು ಇದೇ ಬತ್ತಲಗುಂಡಿನಲ್ಲಿ, 1884ನೇ ಇಸವಿ ಅಕ್ಟೋಬರ್ 4ರಂದು. ಅವರ ಜೊತೆಗಾರ ವ.ಉ. ಚಿದಂಬರಂ ಪಿಳ್ಳೆಯವರು 1906ರಲ್ಲಿ ತೂತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದರು. ತೂತುಕುಡಿಗೂ ಕೊಲಂಬಿಗೂ ನಮ್ಮವರ ಹಡಗೇ ಓಡಬೇಕು ಅನ್ನೋದು ಅವರ ಹಟ. ಇಂಗ್ಲಿಷರ ಕಂಪನಿ ಟಿಕೆಟ್ ದರ ಇಳಿಸಿ ಇವರನ್ನು ಮುರಿಯೋಕೆ ನೋಡಿತು. ನಮ್ಮೂರ ಶಿವ ತೂತುಕುಡಿಗೆ ಹೋಗಿ ಬೀದಿ ಬೀದಿಯಲ್ಲಿ ನಿಂತು ಭಾಷಣ ಮಾಡಿದರು. 1908ರ ಮಾರ್ಚಿಯಲ್ಲಿ ಇಬ್ಬರನ್ನೂ ಹಿಡಿದು ಜೈಲಿಗೆ ಹಾಕಿದರು. ಇವತ್ತು ಆ ಬಂದರಿಗೆ ಚಿದಂಬರನಾರ್ ಅವರ ಹೆಸರೇ ಇಟ್ಟಿದ್ದಾರೆ. ನಮ್ಮೂರಿನಿಂದ ಅದು ಹೆಚ್ಚುಕಮ್ಮಿ ಇನ್ನೂರು ಕಿಲೋಮೀಟರು. ನಮ್ಮೂರ ಮಗ ಯಾವ ಕಡಲಿಗಾಗಿ ಜೈಲು ಕಂಡನೋ ಆ ಕಡಲು ನಮಗೆ ಪರರದಲ್ಲ.

ಅದೇ 1908ರಲ್ಲಿ ಇಂಗ್ಲಿಷ್ ಸರ್ಕಾರ ಭಾರತದ ಬಂದರುಗಳ ಕಾಯ್ದೆ ಅಂತ ಒಂದು ಮಾಡಿತು. ಬಂದರಿನೊಳಗೆ ಕಸ ಹಾಕಬಾರದು, ಹಡಗಿನ ಭಾರಕ್ಕೆ ತುಂಬಿದ ಕಲ್ಲುಮಣ್ಣು ಸುರಿಯಬಾರದು, ದಾರಿಗೆ ಅಡ್ಡ ಆಗೋದು ಏನೂ ಎಸೆಯಬಾರದು ಅಂತ ಅದರಲ್ಲಿ ಇತ್ತು. ಆಗಿನ ಚಿಂತೆ ನೀರು ಕೆಡೋದಲ್ಲ, ಹಡಗಿನ ದಾರಿ ಮುಚ್ಚೋದು. ಆಗ ಹಡಗು ಓಡ್ತಿದ್ದದ್ದು ಕಲ್ಲಿದ್ದಲಲ್ಲಿ. ಬಿದ್ದರೆ ಕಲ್ಲಿದ್ದಲು ತಳಕ್ಕೆ ಹೋಗ್ತದೆ. ಎಣ್ಣೆ ಹಾಗಲ್ಲ. ಅದು ಮೇಲೇ ತೇಲ್ತದೆ, ಗಾಳಿ ಕರೆದ ಕಡೆ ಹೋಗ್ತದೆ. ಆಮೇಲೆ ಹಡಗುಗಳು ಎಣ್ಣೆಯಲ್ಲಿ ಓಡೋಕೆ ಶುರುವಾದ ಮೇಲೆ, ಎಣ್ಣೆಯನ್ನೂ ಎಣ್ಣೆ ಬೆರೆತ ನೀರನ್ನೂ ಬಂದರಿಗೆ ಬಿಡಬಾರದು ಅನ್ನೋ ಮಾತು ಆ ಕಾಯ್ದೆಗೆ ಸೇರಿತು. ಆ ಹಳೇ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ.

ಎಣ್ಣೆ ಎಷ್ಟು ದೂರ ಹರಡ್ತದೆ ಅಂತ ನಮ್ಮ ಲೆಕ್ಕದಲ್ಲಿ ಹೇಳ್ತೀನಿ. ನೀರಿನ ಮೇಲೆ ಬೆಳ್ಳಿ ಥರ ಹೊಳೆಯೋ ತೆಳ್ಳನೆ ಪೊರೆ ನೋಡಿರ್ತೀರಿ. ಅಷ್ಟು ತೆಳ್ಳಗೆ ಹರಡಿದರೆ ಒಂದೇ ಒಂದು ಲೀಟರು ಎಣ್ಣೆ ಎರಡೂವರೆ ಎಕರೆ ನೀರನ್ನು ಮುಚ್ಚಬಲ್ಲದು. ನನಗಿರೋ ಎಲೆತೋಟ ಅಷ್ಟಿಲ್ಲ. ಕಾಮನಬಿಲ್ಲಿನ ಬಣ್ಣ ಕಂಡರೆ ಪೊರೆ ಇನ್ನೂ ಸ್ವಲ್ಪ ದಪ್ಪ ಅಂತ ಅರ್ಥ. ಕಪ್ಪಗೆ, ಕಂದಾಗಿ ಕಂಡರೆ ಅಲ್ಲಿ ಎಣ್ಣೆ ರಾಶಿ ಇದೆ ಅಂತ. ಕಡಲಲ್ಲಿ ಎಣ್ಣೆ ನೋಡೋರು ಬಣ್ಣ ನೋಡಿಯೇ ಎಷ್ಟು ಬಿದ್ದಿದೆ ಅಂತ ಅಂದಾಜು ಕಟ್ತಾರೆ. ಆದ್ದರಿಂದ ಫೋನು ಮಾಡೋನು "ಎಣ್ಣೆ ಬಿದ್ದಿದೆ" ಅಂದರೆ ಸಾಲದು, ಬಣ್ಣ ಯಾವುದು ಅಂತಾನೂ ಹೇಳಬೇಕು.

ಲೋಕಕ್ಕೆ ಬುದ್ಧಿ ಬಂದದ್ದು 1967ರಲ್ಲಿ. ಆ ವರ್ಷ ಮಾರ್ಚಿ 18ಕ್ಕೆ ಟೋರಿ ಕ್ಯಾನ್ಯನ್ ಅನ್ನೋ ದೊಡ್ಡ ಎಣ್ಣೆ ಹಡಗು ಇಂಗ್ಲೆಂಡಿನ ತೆಂಕಣ ಮೂಲೆಯಲ್ಲಿ ಬಂಡೆಗೆ ಹೊಡೀತು. ಅದರಲ್ಲಿದ್ದದ್ದು 1 ಲಕ್ಷ 20 ಸಾವಿರ ಟನ್ನಿನ ಹತ್ತಿರ ಕಚ್ಚಾ ಎಣ್ಣೆ. ಏನು ಮಾಡಬೇಕು ಅಂತ ಯಾರಿಗೂ ತಿಳಿಯಲಿಲ್ಲ. ಎಣ್ಣೆ ಸುಡೋಕೆ ಅಂತ ವಿಮಾನದಿಂದ ಬಾಂಬು ಹಾಕಿದರು. ಎಣ್ಣೆ ಕರಗಿಸೋಕೆ ಅಂತ ಸುರಿದ ಸೋಪಿನಂಥ ಮದ್ದು ದಡದ ಜೀವಗಳನ್ನು ಇನ್ನೂ ಕೊಂದಿತು. ಎಣ್ಣೆ ಫ್ರಾನ್ಸಿನ ದಡಕ್ಕೂ ಹೋಯಿತು. ಆಗ ದೇಶಗಳೆಲ್ಲ ಕೂತು ಮಾತಾಡಿದವು. 1973ರಲ್ಲಿ ಮಾರ್‌ಪೋಲ್ ಅನ್ನೋ ಒಪ್ಪಂದ ಆಯಿತು. 1978ರಲ್ಲಿ ಅದನ್ನು ತಿದ್ದಿದರು. 1983ರಿಂದ ಜಾರಿಗೆ ಬಂತು. ನಮ್ಮ ದೇಶವೂ ಅದಕ್ಕೆ ಸೇರಿದೆ.

ಆ ಒಪ್ಪಂದದಲ್ಲಿ ಬೇಕಾದಷ್ಟು ಕಲಮು ಇದೆ. ನನಗೆ ಮುಖ್ಯ ಅನ್ನಿಸಿದ್ದು ಒಂದೇ. ಹಡಗಿನಿಂದ ಎಣ್ಣೆ ಬಿದ್ದರೆ, ಬೀಳೋ ಹಾಗೆ ಇದ್ದರೂ ಸರಿ, ಕಪ್ತಾನ ತಡ ಮಾಡದೆ ಹೇಳಬೇಕು. ಯಾವ ಹಡಗು, ಎಷ್ಟು ಹೊತ್ತಿಗೆ, ಎಲ್ಲಿ, ಯಾವ ಎಣ್ಣೆ, ಎಷ್ಟು, ಏನು ಸಹಾಯ ಬೇಕು, ಇಷ್ಟೂ ತಿಳಿಸಬೇಕು. ಬಿದ್ದದ್ದು ತಪ್ಪೋ ಅಲ್ಲವೋ ಅನ್ನೋದು ಆಮೇಲಿನ ವಿಚಾರಣೆ. ಹೇಳದೆ ಇರೋದೇ ಬೇರೊಂದು ತಪ್ಪು. ಇದನ್ನು ಮೇಷ್ಟ್ರು ಓದಿದಾಗ ನನಗೆ ಎದೆ ಒಂದು ಸಲ ಝುಂ ಅಂದಿತು. ಯಾಕೆ ಅಂತ ಹೇಳ್ತೀನಿ.

1984ರ ಸುಮಾರು. ನಮಗೂ ನಮ್ಮ ದೊಡ್ಡಪ್ಪನಿಗೂ ಒಂದೇ ಬಾವಿ, ಸರದಿ ಮೇಲೆ ನೀರು. ನೀರು ತಳಕ್ಕೆ ಹೋಗಿತ್ತು ಅಂತ ಆಯಿಲ್ ಎಂಜಿನ್ನನ್ನು ಬಾವಿಯೊಳಗಿನ ಕಟ್ಟೆ ಮೇಲೆ ಇಳಿಸಿದ್ದೆವು. ಒಂದು ಬೆಳಿಗ್ಗೆ ಡೀಸೆಲ್ ಹಾಕುವಾಗ ಕೈ ಜಾರಿ ಡಬ್ಬ ಬಾವಿಗೆ ಮಗುಚಿತು. ಐದು ಲೀಟರು ಇದ್ದೀತು. ಖಾಲಿ ಡಬ್ಬ ಎತ್ತಿಕೊಂಡೆ, ಸುತ್ತ ನೋಡಿದೆ, ಯಾರೂ ಇಲ್ಲ. ನೀರು ಬಹಳ ಇದೆ, ಏನೂ ಆಗಲ್ಲ ಅಂತ ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ.

ನನ್ನ ಸರದಿ ಮುಗೀತು, ದೊಡ್ಡಪ್ಪನ ಸರದಿ ಬಂತು. ನೀರು ಇಳೀತಾ ಇಳೀತಾ ಮೇಲಿದ್ದ ಪೊರೆಯೂ ಕೆಳಗೆ ಇಳೀತು. ಫುಟ್‌ವಾಲ್ವಿನ ಹತ್ತಿರ ಬಂದಾಗ ಪಂಪು ಎಣ್ಣೆಯನ್ನೇ ಎಳೆದು ಕಾಲುವೆಗೆ ಬಿಟ್ಟಿತು. ಹೊಸದಾಗಿ ಹಬ್ಬಿಸಿದ್ದ ಎಲೆಬಳ್ಳಿ, ಬೇರು ಇನ್ನೂ ಎಳೇದು. ಮೂರೇ ದಿನದಲ್ಲಿ ಎರಡು ಸಾಲು ಜೋತುಬಿತ್ತು. ಉಳಿದ ಸಾಲಿನ ಎಲೆ ಕೊಯ್ದು ಕವಳಿ ಕಟ್ಟಿ ಮಾರ್ಕೆಟ್ಟಿಗೆ ಒಯ್ದರೆ ವ್ಯಾಪಾರಿ ಮೂಸಿ ನೋಡಿ ವಾಪಸ್ಸು ಕಳಿಸಿದ. ಎಲೆಗೇ ಹೆಸರು ಬಂದಿದೆ ಅಂತಾರೆ ನಮ್ಮೂರಿಗೆ. ಆ ಊರಲ್ಲಿ ಎಲೆ ವಾಪಸ್ಸು ಬಂದರೆ ಮರ್ಯಾದೆ ಹೋದ ಹಾಗೆ.

ಆಗ ಹೋಗಿ ಹೇಳಿದೆ. ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಮರೆತುಬಿಡ್ತಿದ್ದೆನೇನೋ. "ಚೆಲ್ಲಿದ್ದಕ್ಕೆ ಏನೂ ಅನ್ನಲ್ಲ ಮಗಾ, ಯಾರ ಕೈಯಾದರೂ ಜಾರ್ತದೆ. ಅವತ್ತೇ ಹೇಳಿದ್ದರೆ ಎಂಜಿನ್ನು ನಿಲ್ಲಿಸಿ, ಹಳೇ ಪಂಚೆ ಹಾಸಿ, ಮೇಲೆ ಮೇಲೆ ಎತ್ತಿ ಎಸೀತಿದ್ವಿ. ಅರ್ಧ ದಿನದ ಕೆಲಸ. ನೀನು ಮುಚ್ಚಿಟ್ಟೆ ನೋಡು, ಅದರಿಂದ ಬಳ್ಳಿ ಹೋಯ್ತು" ಅಂದರು. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷ ಆಯಿತು. ಆ ಮಾತು ಇನ್ನೂ ಇದೆ.

ಈಗ ನಮ್ಮ ದೇಶದಲ್ಲಿ ಯಾರಿಗೆ ಏನು ಹೊಣೆ ಅಂತ ನೋಡೋಣ. ಕೋಸ್ಟ್ ಗಾರ್ಡ್ ಅಂದರೆ ಕಡಲ ಕಾವಲು ಪಡೆ 1977ರಲ್ಲಿ ಶುರುವಾಯಿತು, 1978ರಲ್ಲಿ ಅದಕ್ಕೆ ಕಾಯ್ದೆ ಬಂತು. ಎಣ್ಣೆ ಬಿದ್ದರೆ ಏನು ಮಾಡಬೇಕು ಅನ್ನೋ ರಾಷ್ಟ್ರದ ಯೋಜನೆ 1996ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ನಡುಕಡಲಲ್ಲಿ ಬಿದ್ದರೆ ಕೋಸ್ಟ್ ಗಾರ್ಡ್ ನೋಡಬೇಕು, ಎಲ್ಲರನ್ನೂ ಕೂಡಿಸಿ ನಡೆಸೋ ಯಜಮಾನಿಕೆಯೂ ಅದರದೇ. ಬಂದರಿನ ಎಲ್ಲೆಯೊಳಗೆ ಬಿದ್ದರೆ ಬಂದರಿನ ಆಡಳಿತ ಎತ್ತಬೇಕು. ದಡಕ್ಕೆ ಬಂದರೆ ರಾಜ್ಯ ಸರ್ಕಾರ, ಮಾಲಿನ್ಯ ನಿಯಂತ್ರಣ ಮಂಡಳಿ, ಕಲೆಕ್ಟರು. 700 ಟನ್ನಿನವರೆಗೆ ಬಿದ್ದರೆ ಅದು ಮೊದಲನೇ ಮಟ್ಟದ್ದು, ಅಂದರೆ ಸಣ್ಣದು ಅಂತ ಲೆಕ್ಕ.

ನಮ್ಮ ಊರಲ್ಲಿ ಕಾಲುವೆಗೆ ಮೇಲಿನ ಭಾಗ ಒಬ್ಬರದು, ಕೆಳಗಿನ ಭಾಗ ಇನ್ನೊಬ್ಬರದು, ಮಡೆ ಇನ್ನೊಬ್ಬರದು ಇರ್ತದಲ್ಲ, ಹಾಗೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಎಣ್ಣೆಗೆ ಎಲ್ಲೆ ಕಲ್ಲು ಗೊತ್ತಿಲ್ಲ. ಬಂದರಿನಲ್ಲಿ ಬಿದ್ದದ್ದು ಸಂಜೆಗೆ ಕಡಲಿಗೆ, ನಾಳೆ ದಡಕ್ಕೆ. ಒಬ್ಬ ಹೇಳದೆ ಉಳಿದರೆ ಉಳಿದ ಇಬ್ಬರ ಕೈಯೂ ಕಟ್ಟಿ ಹಾಕಿದ ಹಾಗೆ.

ದೊಡ್ಡ ಅಪಘಾತ ಆದರೇನೇ ಎಣ್ಣೆ ಬೀಳ್ತದೆ ಅಂತ ಅಲ್ಲ. ಬಂದರಿನಲ್ಲಿ ನಿಂತ ಹಡಗಿಗೆ ಇಂಧನ ತುಂಬುವಾಗ ಪೈಪು ಕಳಚಿಕೊಳ್ತದೆ, ತೊಟ್ಟಿ ತುಂಬಿ ಹೊರಗೆ ಚೆಲ್ತದೆ. ಹಡಗಿನ ತಳದಲ್ಲಿ ಎಂಜಿನ್ನಿನ ಎಣ್ಣೆ ಬೆರೆತ ಕೊಳಕು ನೀರು ಕೂಡಿಕೊಳ್ತದೆ. ಅದನ್ನು ಬಂದರಿನಲ್ಲಿ ತೆಗೆದುಕೊಳ್ಳೋರಿಗೆ ಕೊಡಬೇಕು. ಇಲ್ಲ ಅಂದರೆ ಯಂತ್ರದಲ್ಲಿ ಸೋಸಿ, ಹತ್ತು ಲಕ್ಷ ಪಾಲಿಗೆ 15 ಪಾಲಿಗಿಂತ ಎಣ್ಣೆ ಕಮ್ಮಿ ಆದ ಮೇಲೆ, ಕಡಲಲ್ಲಿ ಸಾಗುವಾಗ ಬಿಡಬೇಕು. ಖರ್ಚು ಉಳಿಸೋಕೆ ಕೆಲವರು ರಾತ್ರಿ ಹೊತ್ತು ಕಳ್ಳ ಪೈಪು ಹಾಕಿ ನೇರ ಬಿಟ್ಟುಬಿಡ್ತಾರೆ.

ಇದಕ್ಕೆ ಅಂತಾನೇ ಹಡಗಿನಲ್ಲಿ ಎಣ್ಣೆ ಲೆಕ್ಕದ ಪುಸ್ತಕ ಒಂದು ಇಟ್ಟಿರಬೇಕು. ಎಣ್ಣೆ ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು, ಯಾವತ್ತು ಅಂತ ಬರೆದು ಸಹಿ ಹಾಕಬೇಕು. ಕೊನೆ ಬರಹ ಆದ ಮೇಲೂ ಮೂರು ವರ್ಷ ಇಟ್ಟುಕೊಂಡಿರಬೇಕು. ಅಧಿಕಾರಿ ಹತ್ತಿ ಕೇಳಿದರೆ ತೋರಿಸಬೇಕು. ಅಮೆರಿಕದಲ್ಲಿ ಇನ್ನೊಂದು ಪದ್ಧತಿ ಇದೆ. ಹಡಗಿನ ಕೂಲಿಯಾಳೇ ಆಗಲಿ, ಇಂಥ ಕಳ್ಳತನ ಕಂಡು ಹೇಳಿದರೆ, ಕಂಪನಿಗೆ ಹಾಕಿದ ದಂಡದಲ್ಲಿ ಅರ್ಧದವರೆಗೂ ಅವನಿಗೆ ಕೊಡಿಸಬಹುದು ಅಂತ ಕಾಯ್ದೆಯಲ್ಲಿದೆ. ಹೇಳಿದವನ ಹೊಟ್ಟೆ ಮೇಲೆ ಹೊಡೀತಾರೆ ಅನ್ನೋದು ಅವರಿಗೆ ಗೊತ್ತು, ಅದಕ್ಕೇ ಹಾಗೆ ಮಾಡಿದ್ದಾರೆ.

ಇನ್ನು ನಮ್ಮ ಕಡೆ ಆದದ್ದು. ನಮ್ಮ ಮಾತಾಡೋ ಕಾರವಾರದ ಹತ್ತಿರ 2006ರ ಮೇ 30ಕ್ಕೆ ಓಷನ್ ಸೆರಾಯ ಅನ್ನೋ ಹಡಗು ಬಂಡೆ ದ್ವೀಪಕ್ಕೆ ಹೊಡೆದು ಮುರೀತು. ಮಳೆಗಾಲ ಮುಖದಲ್ಲೇ ಇತ್ತು. ಅಲೆ ಜೋರು. ಅದರ ಎಣ್ಣೆ ಗೋವೆಯ ದಡದವರೆಗೂ ಹೋಯಿತು. 2010ರ ಆಗಸ್ಟ್ 7ಕ್ಕೆ ಮುಂಬೈ ಬಂದರಿನ ಬಾಯಲ್ಲಿ ಎರಡು ಹಡಗು ಗುದ್ದಿಕೊಂಡವು. ಅದರಲ್ಲೂ ನೂರಾರು ಟನ್ನು ಎಣ್ಣೆ ಚೆಲ್ಲಿತು. ಇವೆರಡನ್ನೂ ಮುಟ್ಟಿ ಮುಂದೆ ಹೋಗ್ತೀನಿ. ನಾನು ನಿಂತು ಹೇಳಬೇಕಾದದ್ದು ಎಣ್ಣೂರಿನದು, ನಮ್ಮ ತಮಿಳುನಾಡಿನದೇ.

ಮದ್ರಾಸಿಗೆ ಬಡಗಣಕ್ಕೆ ಎಣ್ಣೂರು. ಅಲ್ಲಿ ಕಾಮರಾಜರ್ ಬಂದರು ಇದೆ. ಕರೆಂಟು ಮಾಡೋ ಕಾರ್ಖಾನೆಗಳಿಗೆ ಕಲ್ಲಿದ್ದಲು ತರೋಕೆ ಅಂತ ಕಟ್ಟಿದ್ದು, ಆಮೇಲೆ ಗ್ಯಾಸು, ಎಣ್ಣೆ ಎಲ್ಲ ಬರೋಕೆ ಶುರುವಾಯಿತು. 2017ರ ಜನವರಿ 28, ಬೆಳಗಿನ ಜಾವ ನಾಲ್ಕು ಗಂಟೆ ಸುಮಾರು. ಬಿಡಬ್ಲ್ಯೂ ಮೇಪಲ್ ಅನ್ನೋ ಗ್ಯಾಸ್ ಹಡಗು ಲೋಡಿಳಿಸಿ ಹೊರಗೆ ಹೋಗ್ತಾ ಇತ್ತು. ಡಾನ್ ಕಾಂಚೀಪುರಂ ಅನ್ನೋ ಎಣ್ಣೆ ಹಡಗು ಲೋಡು ತುಂಬಿಕೊಂಡು ಒಳಗೆ ಬರ್ತಾ ಇತ್ತು. ಎರಡೂ ಗುದ್ದಿಕೊಂಡವು. ಒಳಗೆ ಬರ್ತಿದ್ದ ಹಡಗಿನಲ್ಲಿ ಮೂವತ್ತೆರಡು ಸಾವಿರ ಟನ್ನಿನ ಮೇಲೆ ಪೆಟ್ರೋಲಿಯಂ ಸರಕಿತ್ತು. ಪುಣ್ಯಕ್ಕೆ ಅದು ಉಳೀತು. ಹಡಗು ಓಡಿಸೋಕೆ ಇಟ್ಟಿದ್ದ ಅದರ ಇಂಧನ ಮಾತ್ರ ಸೋರಿತು. ಅದು ಫರ್ನೇಸ್ ಆಯಿಲ್, ಟಾರಿನ ಥರ ಮಂದ, ಕರ್ರಗೆ.

ಆ ದಿನ ಬಂದರಿನ ಕಡೆಯಿಂದ ಹೊರಬಿದ್ದ ಹೇಳಿಕೆಯಲ್ಲಿ, ಯಾರಿಗೂ ಗಾಯ ಆಗಿಲ್ಲ, ಎಣ್ಣೆ ಸೋರಿ ಪರಿಸರಕ್ಕೆ ಹಾನಿಯೂ ಆಗಿಲ್ಲ ಅಂತ ಇತ್ತು. ಎಣ್ಣೆ ಆ ಹೇಳಿಕೆ ಓದಲಿಲ್ಲ. ತೆಂಕಣಕ್ಕೆ ಹರೀತು. ಎರ್ಣಾವೂರಿನ ಮೀನುಗಾರರ ದಡಕ್ಕೆ, ಕಡಲ್ಕೊರೆತಕ್ಕೆ ಅಂತ ಹಾಕಿದ್ದ ಕಲ್ಲುಬಂಡೆಗಳ ಸಂದಿಗೆ ಬಂದು ಕೂತಿತು. ಬೆಳಿಗ್ಗೆ ಕಡಲಿಗೆ ಹೋದವರು ನೋಡಿದ್ದು ನೀರಲ್ಲ, ಕಪ್ಪು ಕೆಸರು. ಕೊಳೆ, ಕಸ, ಮರಳು ಎಲ್ಲ ಅದರೊಳಗೆ ಕಲೆತು ಇನ್ನೂ ಮಂದ ಆಯಿತು.

ಎಷ್ಟು ಬಿದ್ದಿದೆ ಅನ್ನೋ ಲೆಕ್ಕವೂ ದಿನದಿನಕ್ಕೆ ಬೆಳೀತು. ಮೊದಲು ಇಪ್ಪತ್ತು ಟನ್ನು ಅನ್ನೋ ಮಾತು ಬಂತು. ಕೊನೆಗೆ ನಿಂತದ್ದು ಇನ್ನೂರು ಟನ್ನಿನ ಆಸುಪಾಸಿನಲ್ಲಿ. ಇನ್ನೂರು ಟನ್ನು ಅಂದರೆ ಇಪ್ಪತ್ತು ಸಾವಿರ ಲೀಟರಿನ ಟ್ಯಾಂಕರ್ ಲಾರಿ ಹತ್ತು. ಯೋಜನೆ ಪುಸ್ತಕದ ಪ್ರಕಾರ ಇದು 700ರ ಒಳಗೆ, "ಸಣ್ಣದು". ಎರ್ಣಾವೂರಿನವರಿಗೆ ಸಣ್ಣದಾಗಿತ್ತಾ?

ಪೇಪರಿನಲ್ಲಿ ಬಂದ ಚಿತ್ರ ವಾಚನಾಲಯದ ಗೋಡೆಗೆ ಅಂಟಿಸಿದ್ದರು, ನಿಮ್ಮಲ್ಲಿ ಕೆಲವರು ನೋಡಿರ್ತೀರಿ. ಸಾಲಾಗಿ ನಿಂತ ಜನ, ಕೈಯಲ್ಲಿ ಪ್ಲಾಸ್ಟಿಕ್ ಬಕೀಟು. ಒಬ್ಬರ ಕೈಯಿಂದ ಒಬ್ಬರ ಕೈಗೆ ಎಣ್ಣೆ ದಾಟಿಸ್ತಾ ಇದ್ದರು. ಚರಂಡಿ ಹೀರೋ ದೊಡ್ಡ ಯಂತ್ರ ತಂದರು, ಆ ಮಂದ ಕೆಸರಿಗೆ ಅದು ಸಾಲಲಿಲ್ಲ. ಕೋಸ್ಟ್ ಗಾರ್ಡಿನವರು, ಬೆಂಕಿ ಆರಿಸೋರು, ಕಾಲೇಜಿನ ಹುಡುಗರು, ಮೀನುಗಾರರು, ಸಾವಿರಕ್ಕೂ ಮೇಲೆ ಜನ ದಿನಗಟ್ಟಲೆ ಬಕೀಟಿನಲ್ಲೇ ಎತ್ತಿದರು. ನನಗೆ ಆ ಚಿತ್ರ ನೋಡಿ ದೊಡ್ಡಪ್ಪನ ಹಳೇ ಪಂಚೆ ನೆನಪಾಯಿತು. ಎಣ್ಣೆ ಹಡಗಿನ ಪಕ್ಕದಲ್ಲೇ ಇದ್ದಾಗ ಸುತ್ತ ತೇಲೋ ಬೇಲಿ ಹಾಕಿ ಹಿಡಿಯೋದು ಸುಲಭ. ಎಣ್ಣೆಗೆ ಅಂತಾನೇ ಅಂಥ ಬೇಲಿ ಇರ್ತದೆ, ಬೂಮ್ ಅಂತಾರೆ. ಮೇಲಿನ ಎಣ್ಣೆ ಮಾತ್ರ ಕೆನೆ ಥರ ಎತ್ತೋ ಯಂತ್ರವೂ ಇರ್ತದೆ. ದಡಕ್ಕೆ ಬಂದು ಕಲ್ಲಿನ ಸಂದಿಗೆ ಕೂತ ಮೇಲೆ ಬಕೀಟೇ ಗತಿ. ಈ ಎರಡರ ನಡುವೆ ಇರೋದು ಕೆಲವು ಗಂಟೆ ಹೊತ್ತು. ಆ ಹೊತ್ತನ್ನು ಉಳಿಸೋದು ಮೊದಲನೇ ಮಾತು.

ಅದು ಕಡಲಾಮೆ ಮೊಟ್ಟೆ ಇಡೋಕೆ ಬರೋ ಕಾಲ. ಸತ್ತ ಆಮೆ ದಡಕ್ಕೆ ಬಂದವು. ಮೀನು ಕೊಳ್ಳೋರಿಲ್ಲ. ಎಣ್ಣೆ ಮುಟ್ಟದ ಕಡೆಯಿಂದ ಬಂದ ಮೀನಿಗೂ ಗಿರಾಕಿ ಮೂಗು ಮುಚ್ಚಿದರು. ನಮ್ಮ ಸಂತೆಯಲ್ಲೂ ಮೀನಿನ ಅಮ್ಮ ಒಬ್ಬರು, "ಇದು ರಾಮೇಶ್ವರದ ಕಡೆ ಮೀನು ಸಾಮಿ, ಮದ್ರಾಸಿಂದಲ್ಲ" ಅಂತ ಆಣೆ ಇಟ್ಟು ಮಾರ್ತಾ ಇದ್ದದ್ದು ನಾನೇ ಕೇಳಿದ್ದೀನಿ. ಪರಿಹಾರದ ಮಾತು ಹಸಿರು ನ್ಯಾಯಮಂಡಳಿಗೂ ಹೋಯಿತು.

ಇಲ್ಲಿ ಒಂದು ಕಷ್ಟದ ಮಾತು ಇದೆ, ಬಿಡಬಾರದು. ಹೇಳೋದು ಸುಲಭ ಅಲ್ಲ. ಕಪ್ತಾನ ಹೇಳಿದರೆ ಹಡಗು ತಡೀತಾರೆ, ದಂಡ ಹಾಕ್ತಾರೆ. ಬಂದರಿನವರು ಹೇಳಿದರೆ ಹೆಸರು ಕೆಡ್ತದೆ. ಮೀನುಗಾರನೇ ಹೇಳಿದರೆ ನಾಳೆ ಅವನ ಮೀನೇ ಬಿಕರಿ ಆಗಲ್ಲ. ಹಾಗಾಗಿ ಎಲ್ಲರ ಬಾಯಿಗೂ ಬೀಗ. ನನ್ನ ಬಾಯಿಗೆ ಬಿದ್ದದ್ದೂ ಅದೇ ಬೀಗ. ಸುಮ್ಮನೆ "ಸತ್ಯ ಹೇಳಿ" ಅಂತ ಪದ ಹಾಡಿದರೆ ಸಾಲದು. ಹೇಳಿದವನಿಗೆ ನಷ್ಟ ಆಗದ ಹಾಗೆ ದಾರಿ ಬೇಕು. ಹಡಗಿನ ಇಂಧನ ಚೆಲ್ಲಿದರೆ ಹಡಗಿನ ಯಜಮಾನನೇ ನಷ್ಟ ತುಂಬಬೇಕು, ಅದಕ್ಕೆ ಮೊದಲೇ ವಿಮೆ ಮಾಡಿಸಿರಬೇಕು ಅಂತ 2001ರಲ್ಲಿ ಬಂಕರ್ ಒಪ್ಪಂದ ಅಂತ ಒಂದು ಆಗಿದೆ. ಆದರೆ ನಷ್ಟ ಕೇಳಬೇಕಾದರೆ ಎಲ್ಲಿ, ಯಾವಾಗ, ಎಷ್ಟು ಬಿತ್ತು ಅನ್ನೋ ಲೆಕ್ಕ ಬೇಕು. ಮೊದಲ ದಿನವೇ ಹೇಳಿ, ಗುರುತು ಹಾಕಿಸಿದ್ದರೆ ಆ ಲೆಕ್ಕ ಇರ್ತದೆ. ಅಂದರೆ ಹೇಳೋದು ಬಡವನಿಗೇ ಆಸರೆ.

ಎಂಟು ವರ್ಷ ಆದ ಮೇಲೆ, 2025ರ ಮೇ 25ಕ್ಕೆ, ಎಂಎಸ್‌ಸಿ ಎಲ್ಸಾ 3 ಅನ್ನೋ ಹಡಗು ಕೊಚ್ಚಿಯ ಆಚೆ ಕಡಲಲ್ಲಿ ಮುಳುಗಿತು. ಕಂಬಂ ಕಣಿವೆಯವರಿಗೆ ಕೇರಳ ಅಂದರೆ ಬೆಟ್ಟ ಹತ್ತಿದರೆ ಸಿಗೋ ಪಕ್ಕದ ಮನೆ. ಕುಮಿಳಿ ದಾಟಿದರೆ ಆಯಿತು. ಆ ಹಡಗಿನಲ್ಲಿ 640 ಕಂಟೇನರು, ಅದರಲ್ಲಿ 13ರಲ್ಲಿ ಅಪಾಯದ ಸರಕು. ಜೊತೆಗೆ 367 ಟನ್ನು ಫರ್ನೇಸ್ ಆಯಿಲ್, 84 ಟನ್ನು ಡೀಸೆಲ್. ಹಡಗು ವಾಲಿತು ಅಂತ ಹಿಂದಿನ ದಿನವೇ ಸುದ್ದಿ ಮುಟ್ಟಿತ್ತು. ಅದರಲ್ಲಿದ್ದ 24 ಜನವೂ ಉಳಿದರು. ಹಡಗು ಪೂರ್ತಿ ಮುಳುಗೋಕೆ ಮುಂಚೆಯೇ ಕೇರಳದ ದಡದ ಜನಕ್ಕೆ, ತೇಲಿ ಬಂದದ್ದು ಯಾವುದನ್ನೂ ಮುಟ್ಟಬೇಡಿ, ದೂರ ಇರಿ, 112ಕ್ಕೆ ಫೋನು ಮಾಡಿ ಅಂತ ಸಾರಿದರು. ಹಾನಿ ಆಗಲಿಲ್ಲ ಅಂತ ನಾನು ಹೇಳಲ್ಲ. ಸಾಬೂದಾಣಿಯಂಥ ಪ್ಲಾಸ್ಟಿಕ್ ಕಾಳು ಕೇರಳದ ದಡಕ್ಕೂ ನಮ್ಮ ಕನ್ಯಾಕುಮಾರಿಯ ದಡಕ್ಕೂ ಬಂತು. ಮೀನುಗಾರರಿಗೆ ನಷ್ಟ ಆಯಿತು. ಆದರೂ ಮೊದಲ ದಿನ "ಏನೂ ಆಗಿಲ್ಲ" ಅಂದದ್ದಕ್ಕೂ, ಮೊದಲ ದಿನ "ಹುಷಾರು" ಅಂದದ್ದಕ್ಕೂ ಇರೋ ಫರಕು ನೋಡಿ.

ತೂತುಕುಡಿಗೆ ಇದು ಇನ್ನೂ ಮುಖ್ಯ. ಆ ಬಂದರು ಇರೋದು ಮನ್ನಾರ್ ಕೊಲ್ಲಿಯ ಬಾಯಲ್ಲಿ. ಅಲ್ಲಿಂದ ರಾಮೇಶ್ವರದವರೆಗೆ 21 ಸಣ್ಣ ದ್ವೀಪ, ಸುತ್ತ ಹವಳದ ದಿಬ್ಬ, ಕಡಲಹಸು ಮೇಯೋ ಹುಲ್ಲು. 1986ರಲ್ಲೇ ಅದನ್ನು ಕಡಲ ರಾಷ್ಟ್ರೀಯ ಉದ್ಯಾನ ಅಂತ ಮಾಡಿದ್ದಾರೆ. ಎರ್ಣಾವೂರಿನ ಕಲ್ಲನ್ನು ಬಕೀಟು ಹಿಡಿದು ತೊಳೆದರು. ಹವಳವನ್ನು ಯಾವ ಬಕೀಟಿನಲ್ಲಿ ತೊಳೀತೀರಿ?

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರ್ತೀನಿ. ಲಾರಿ ಡ್ರೈವರು, ಕೂಲಿ, ಮೀನು ಹಿಡಿಯೋನು, ದಡದಲ್ಲಿ ನಡೆಯೋನು, ಯಾರೇ ಆಗಲಿ ಹಡಗಿನ ಪಕ್ಕ ಎಣ್ಣೆ ಕಂಡರೆ ಬಂದರಿನ ಒಳಗೆ ಇದ್ದಾಗ ಬಂದರಿನ ಕಂಟ್ರೋಲ್ ರೂಮಿಗೆ ಹೇಳಬೇಕು. ಗೇಟಿನವನು ಕೇಳದೆ ಹೋದರೆ ಬಿಟ್ಟು ಬರಬಾರದು. ಕೋಸ್ಟ್ ಗಾರ್ಡಿಗೆ 1554 ಅಂತ ನಂಬರು ಇದೆ, ದುಡ್ಡು ಬೀಳಲ್ಲ. ಅದು ಸಿಗದಿದ್ದರೆ 112. ದೋಣಿಯಲ್ಲಿ ರೇಡಿಯೋ ಇದ್ದರೆ 16ನೇ ಚಾನೆಲ್ಲು. ದಡಕ್ಕೆ ಬಂದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಲೆಕ್ಟರ್ ಆಫೀಸಿಗೂ ಹೇಳಬೇಕು.

ಏನು ಹೇಳಬೇಕು? ಎಲ್ಲಿ, ಎಷ್ಟು ಹೊತ್ತಿಗೆ ಕಂಡಿರಿ. ಯಾವ ಬಣ್ಣ, ಎಷ್ಟು ಅಗಲ. ಗಾಳಿ ಯಾವ ಕಡೆಗೆ, ಎಣ್ಣೆ ಯಾವ ಕಡೆಗೆ ಹೋಗ್ತಿದೆ. ಹತ್ತಿರ ಇದ್ದ ಹಡಗಿನ ಹೆಸರು, ಮೈಮೇಲೆ ಬರೆದಿರ್ತದೆ. ಆದರೆ ಫೋಟೋ. ಇದೇ ಹಡಗು ಬಿಟ್ಟಿದೆ ಅಂತ ನಾವು ತೀರ್ಪು ಹೇಳೋದು ಬೇಡ, ಅದನ್ನು ಅವರು ಎಣ್ಣೆಯ ಮಾದರಿ ತೆಗೆದು ಪತ್ತೆ ಮಾಡ್ತಾರೆ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ನಮ್ಮ ಕೆಲಸ ಆಯಿತು. ಕೈ ಹಾಕಬೇಡಿ, ಹತ್ತಿರ ಬೀಡಿ ಹಚ್ಚಬೇಡಿ. ಹೇಳಿದ ಹೊತ್ತು, ಆ ಕಡೆ ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ನಾಳೆ "ನಮಗೆ ಯಾರೂ ಹೇಳಲಿಲ್ಲ" ಅಂತ ಅನ್ನೋಕೆ ಆಗಬಾರದು.

ಹಿಂದೆ ನಮ್ಮೂರಲ್ಲಿ ತಮಟೆ ಹೊಡೆದು ಸಾರ್ತಿದ್ದರು. ಕೆರೆ ಒಡೀತು ಅಂದರೆ ಅರ್ಧರಾತ್ರಿ ಆದರೂ ತಮಟೆ. ಯಾರ ಹೊಲದ ಕಡೆಯಿಂದ ಒಡೀತು ಅಂತ ಆ ಹೊತ್ತಿಗೆ ಯಾರೂ ಕೇಳ್ತಿರಲಿಲ್ಲ. ಮೊದಲು ಗುದ್ದಲಿ, ಮಂಕರಿ ತಗೊಂಡು ಓಡೋದು, ಪಂಚಾಯ್ತಿ ಬೆಳಿಗ್ಗೆ. ಕಡಲಿಗೂ ಅದೇ ನ್ಯಾಯ ಇರಲಿ ಅಂತ ನಾನು ಹೇಳೋದು.

ಪದ ಹೇಳೋನು ಬರೀ ಗದ್ಯದಲ್ಲಿ ಮುಗಿಸಿದರೆ ನೀವೇ ಬೈತೀರಿ. ಇದಕ್ಕೆ ಅಂತ ನಾನೇ ಕಟ್ಟಿದ ನಾಲ್ಕು ಸಾಲು:

ಬಾವಿ ಕೆಟ್ಟರೆ ಮನೆಗೆ ಓಡಿ ಹೇಳಣ್ಣ
ಕಡಲು ಕೆಟ್ಟರೆ ಕಾವಲಿಗೆ ಕೂಗಿ ಹೇಳಣ್ಣ
ಚೆಲ್ಲಿದ ಎಣ್ಣೆಯ ಬಟ್ಟೇಲಿ ಬಳಿದೇವು
ಮುಚ್ಚಿಟ್ಟ ಮಾತನ್ನು ಯಾತರಲ್ಲಿ ಬಳಿಯೋಣ

ಇದನ್ನೆಲ್ಲ ಬರೆದು ಮುಗಿಸಿ ನಮ್ಮಕ್ಕನ ಮಗನಿಗೆ ಓದಿ ಹೇಳಿದೆ. ಅವನು ಅಲ್ಲೇ ಫೋನು ತೆಗೆದು 1554 ಒತ್ತಿ ಇಟ್ಟುಕೊಂಡ. ಯಾವ ಹೆಸರಿನಲ್ಲಿ ಇಟ್ಟೆ ಅಂತ ಇಸಕೊಂಡು ನೋಡಿದರೆ, "ಕಡಲ ಮಾಮ" ಅಂತ ಬರೆದಿದ್ದಾನೆ.